ರುಚಿ ನೋಡದೆ ಕೊಟ್ಟ ಗುಳಿಗೆ

ಡಬ್ಬಿಯ ಮುಚ್ಚಳ ತಿರುವಿದ್ದು ಪಡಸಾಲೆಯಲ್ಲಿದ್ದ ಮಗಳು, ವಾಸನೆ ಬಂದು ತಾಗಿದ್ದು ನನಗೆ. ಮೊದಲು ಸಕ್ಕರೆಯದು, ಅದರ ಬೆನ್ನಿಗೇ ತೆಳ್ಳಗೆ ಸ್ಪಿರಿಟ್ಟಿನದು. ಆಳಂದದ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತೇಹೋಯಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವವರೆಗೂ ನಾನು ಜೇವರ್ಗಿಯ ಓಣಿಯಲ್ಲಿದ್ದೆ, ಕಾಕುವಿನ ಕಟ್ಟೆಯ ಮುಂದೆ...

ಕಾಕು ಎಂದರೆ ಚಿಕ್ಕಮ್ಮ, ಆದರೆ ಆಕೆ ನಮಗೆ ರಕ್ತಸಂಬಂಧಿಯೇನಲ್ಲ. ಎದುರುಮನೆಯವಳು. ಅಫಜಲಪುರದ ಕಡೆ ಹುಟ್ಟಿ ಜೇವರ್ಗಿಯ ತೊಗರಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದವಳು. ಮಾದನಹಿಪ್ಪರಗಾದಿಂದ ನಾನು ಮದುವೆಯಾಗಿ ಬರುವ ಹೊತ್ತಿಗೆ ಆಕೆಯ ಗಂಡ ತೀರಿಕೊಂಡಿದ್ದ, ತಲೆ ಅರ್ಧ ಬೆಳ್ಳಗಾಗಿತ್ತು, ಇಡೀ ಓಣಿಗೆ ಆಕೆ ಕಾಕು ಆಗಿದ್ದಳು. ಆಕೆಗಿಂತ ಹಿರಿಯರಾದ ನಮ್ಮ ಅತ್ತೆಯೂ ಆಕೆಯನ್ನು ಕಾಕು ಎಂದೇ ಕರೆಯುತ್ತಿದ್ದರು. "ನನಗ ನೀ ಕಾಕು ಅಂದ್ರ ನಾ ನಿನಗ ಏನನ್ಲಿ ಬೇ?" ಅಂತ ಆಕೆ ನಗುವಳು. ಅತ್ತೆಗೆ ಅದರಲ್ಲಿ ತಮಾಷೆಯೇನೂ ಕಾಣುತ್ತಿರಲಿಲ್ಲ.

ಆಕೆ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದಳು. ಓಣಿಯಲ್ಲಿ ಯಾರಿಗೂ ಆ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಸಿಹಿ ಗುಳಿಗಿ ಎಂದರೆ ಮುಗಿಯಿತು. ವಿದ್ಯೆ ಆಕೆಯ ಅಪ್ಪನಿಂದ ಬಂದದ್ದು. ಆತ ಅಫಜಲಪುರದ ಕಡೆಯ ಹಳ್ಳಿಗಳಲ್ಲಿ ಮರದ ಪೆಟ್ಟಿಗೆ ಹೊತ್ತುಕೊಂಡು ತಿರುಗಿ, ಪುಕ್ಕಟೆ ಔಷಧ ಕೊಡುತ್ತಿದ್ದನಂತೆ. ಆ ಪೆಟ್ಟಿಗೆ ಮಗಳ ಜೊತೆ ಜೇವರ್ಗಿಗೆ ಬಂತು. ಬೇರೆ ಹೆಣ್ಣುಮಕ್ಕಳು ತವರಿನಿಂದ ಕೊಪ್ಪರಿಗೆ, ಹಿತ್ತಾಳೆ ಕೊಡ ತಂದರೆ ಕಾಕು ತಂದದ್ದು ಬಿರಡೆ ಹಾಕಿದ ಗಾಜಿನ ಶೀಶೆಗಳನ್ನು.

ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಕಟ್ಟೆಗೆ ಬಂದು ಕೂರುವಳು. ಹೆಂಗಸರು ಸೆರಗಿನ ಮರೆಯಲ್ಲಿ ಕೂಸುಗಳನ್ನು ಹೊತ್ತು ಬರುವರು. ಬಿಳಿ ಮುಟ್ಟು, ಮುಟ್ಟಿನ ನೋವು, ಸೊಸೆಯ ಸಿಟ್ಟು, ಗಂಡನ ಕುಡಿತ... ದವಾಖಾನೆಯಲ್ಲಿ ಗಂಡಸು ಡಾಕ್ಟರ ಎದುರು ಬಾಯಿ ಬಿಡದವರು ಇಲ್ಲಿ ಬಿಡುತ್ತಿದ್ದರು. ಕಾಕು ಕೇಳಿ ಮುಗಿಸುವ ಹೊತ್ತಿಗೆ ಅರ್ಧ ರೋಗ ಹೋಗಿರುತ್ತಿತ್ತು, ಉಳಿದರ್ಧಕ್ಕೆ ಗುಳಿಗೆ. ಯಾರಾದರೂ ಸೆರಗಿನ ಗಂಟು ಬಿಚ್ಚಲು ಹೋದರೆ, "ಬಿಚ್ಚಬ್ಯಾಡ ಬೇ, ಇದು ದಾಸೋಹ" ಎಂದು ಕೈ ಅಡ್ಡ ಹಿಡಿಯುವಳು.

ಆ ಮಾತು ಬರಿಯ ಬಾಯಿಮಾತಲ್ಲ. ನಮ್ಮಲ್ಲಿ ದಾಸೋಹಕ್ಕೆ ಅಡುಗೆ ಮಾಡುವಾಗ ಉಪ್ಪು ಹುಳಿ ನೋಡುವಂತಿಲ್ಲ. ಬಂದವರ ಎಲೆಗೆ ಬೀಳುವ ಮೊದಲು ಮಾಡಿದವರ ನಾಲಿಗೆಗೆ ತಾಗಬಾರದು, ತಾಗಿದರೆ ಅದು ಎಂಜಲು. ಕಾಕುವಿನ ಅಪ್ಪ ಈ ನೇಮವನ್ನು ಔಷಧಕ್ಕೂ ಹಾಕಿದ್ದ. ಕೊಡಲಿಕ್ಕೆಂದು ಇಟ್ಟ ಗುಳಿಗೆಯನ್ನು ಕೊಡುವವರು ಬಾಯಿಗೆ ಹಾಕಬಾರದು. ಹೊಸ ಶೀಶೆ ಬಂದರೆ ಆಕೆ ಅದನ್ನು ದೇವರ ಜಗಲಿಯ ಮೇಲಿಟ್ಟು, ಕೈಮುಗಿದು, ಆಮೇಲೆ ಬಿರಡೆ ತೆಗೆಯುವಳು. ಮೊದಲ ಗುಳಿಗೆ ಬಂದವರ ಬಾಯಿಗೆ. ತನಗೆ ತಲೆನೋವು ಬಂದರೆ ಮಾತ್ರ ಸುಂಠಿ ತೇಯ್ದು ಹಣೆಗೆ ಬಳಿದುಕೊಳ್ಳುತ್ತಿದ್ದಳು.

"ಊರಿಗೆಲ್ಲಾ ಗುಳಿಗಿ, ನಿಮಗ ಸುಂಠಿ ಏನ್ರಿ ಕಾಕು?" ಎಂದು ನಾನು ಒಮ್ಮೆ ಚೇಷ್ಟೆ ಮಾಡಿದ್ದೆ.

"ಮಠದಾಗ ಬಡಸಾವ್ರು ಕಡೀಕ ಉಣತಾರ, ಹೌದಿಲ್ಲೋ? ಊರ ಮಂದಿ ಬ್ಯಾನಿ ಮುಗೀಲಿ, ಕಡೀಕ ನಾ ತಗೋತೇನಿ" ಎಂದಿದ್ದಳು.

ಊರ ಬೇನೆ ಎಲ್ಲಿ ಮುಗಿಯುತ್ತದೆ?

ಮೊದಮೊದಲು ಆಕೆಯ ಔಷಧ ಸೊಲ್ಲಾಪುರದ ಹಳೆಯ ಅಂಗಡಿಯೊಂದರಿಂದ ಬರುತ್ತಿತ್ತು. ಆ ಅಂಗಡಿ ಮುಚ್ಚಿದ ಮೇಲೆ ಒಬ್ಬ ಏಜೆಂಟ್ ಬರಲು ಶುರುಮಾಡಿದ. ರೆಕ್ಸಿನ್ ಚೀಲ, ಎಣ್ಣೆ ಹಾಕಿ ಬಾಚಿದ ತಲೆ, ಅರ್ಧ ಮರಾಠಿ ಅರ್ಧ ಕನ್ನಡ. ಅವನು ತರುತ್ತಿದ್ದ ಶೀಶೆಗಳ ಮೇಲೆ ಬಣ್ಣದ ಚೀಟಿ ಇರುತ್ತಿತ್ತು, ಮಾಡಿದವರ ಊರಿನ ಹೆಸರು ಇರುತ್ತಿರಲಿಲ್ಲ. ಆಗ ಅದನ್ನು ಯಾರು ನೋಡುತ್ತಿದ್ದರು! ಅವನು ಒಂದು ಸಲ ದೊಡ್ಡ ತಗಡಿನ ಡಬ್ಬಿಯ ತುಂಬ ಕೂಸುಗಳಿಗೆ ಹಲ್ಲು ಬರುವಾಗ ಕೊಡುವ ಗುಳಿಗೆ ತಂದ. ಅಲ್ಲಿಯವರೆಗೆ ಕಾಕು ಬಿಳಿ ಸಕ್ಕರೆ ಗುಳಿಗೆಯ ಮೇಲೆ ಔಷಧದ ಹನಿ ತಾನೇ ಬಿಡುತ್ತಿದ್ದಳು. ಇದು ತಯಾರು ಮಾಲು. ಹನಿ ಬಿಡುವ ಕೆಲಸವಿಲ್ಲ, ತೆಗೆದು ಕೊಡುವುದಷ್ಟೇ. ಕಣ್ಣು ಮಂಜಾಗುತ್ತಿದ್ದ ಆಕೆಗೆ ಅದು ಹಿತವೆನಿಸಿರಬೇಕು.

ಎಂಬತ್ತರ ದಶಕದ ಶುರುವಿನ ಮಾತು ಇದು. ನನ್ನ ಮೊದಲ ಮಗಳಿಗೆ ಆಗ ಹಲ್ಲು ಬರುತ್ತಿತ್ತು. ಕೂರಿಸಿದಲ್ಲಿ ಕೂರುವ ಕೂಸು, ಇನ್ನೂ ಅಂಬೆಗಾಲು ಇಟ್ಟಿರಲಿಲ್ಲ. ಒಸಡು ಊದಿ, ಜೊಲ್ಲು ಸುರಿದು, ಹಗಲೆಲ್ಲ ಕಿರಿಕಿರಿ. ಅತ್ತೆ ಕಾಕುವಿನ ಹತ್ತಿರ ಹೋಗಿ ಕಾಗದದ ಪೊಟ್ಟಣ ತಂದರು. ಕಾಕು ಹೇಳಿದಂತೆ ಗುಳಿಗೆಯನ್ನು ಎದೆಹಾಲಲ್ಲಿ ಕರಗಿಸಿ ನಾನೇ ಕುಡಿಸಿದೆ. ಮೊದಲ ದಿನ ಏನೂ ಆಗಲಿಲ್ಲ, ಕಿರಿಕಿರಿ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಅದೇ ಪೊಟ್ಟಣದಿಂದ ಅಷ್ಟೇ ಗುಳಿಗೆ ಕೊಟ್ಟೆ.

ಹೊತ್ತು ಏರಿದಂತೆ ಕೂಸಿನ ಮುಖ ಕುಂಕುಮ ಬಳಿದಂತೆ ಕೆಂಪಗಾಯಿತು. ಮೈ ಸುಡುತ್ತಿತ್ತು. ಒಂದೇ ಸಮ ಸುರಿಯುತ್ತಿದ್ದ ಜೊಲ್ಲು ನಿಂತು ತುಟಿ ಒಣಗಿ ಬಿರಿಯಿತು. ಎದೆಗೆ ಹಾಕಿಕೊಂಡರೆ ಬಾಯಿಡಲಿಲ್ಲ. ಇಲ್ಲದ್ದನ್ನು ಗಾಳಿಯಲ್ಲಿ ಹಿಡಿಯಲು ಹೋಗುತ್ತಿತ್ತು, ಮತ್ತೆ ತೂಕಡಿಸುತ್ತಿತ್ತು. ನಾನು ಅದರ ಕಣ್ಣು ನೋಡಿದೆ. ಕಣ್ಣಿನ ನಡುವಿನ ಕಪ್ಪು ಹಿಗ್ಗಿ ಹಿಗ್ಗಿ ಕಣ್ಣೆಲ್ಲ ಕಪ್ಪೇ ಆಗಿತ್ತು.

ಕಾಕು ಅವತ್ತು ಮಠಕ್ಕೆ ಹೋಗಿದ್ದಳು. ಅತ್ತೆ ಓಣಿಯಲ್ಲಿ ಸಿಕ್ಕ ಹೆಂಗಸೊಬ್ಬಳ ಕೈಯಲ್ಲಿ ಕಾಕುವಿಗೆ ಹೇಳಿಕಳಿಸಿದರು. "ಕೂಸಿನ ಮಾರಿ ಕೆಂಪಾಗಿ, ಬಾಯಿ ಒಣಗಿ, ಕಣ್ಣಾಗ ಕರೀದೇ ತುಂಬ್ಯಾದ, ಲಗೂನ ಒಂದು ಗುಳಿಗಿ ಕೊಡ್ರಿ ಅನ್ನು." ಅದು ಬರುವವರೆಗೆ ಕಾಯಲು ನನಗೆ ಧೈರ್ಯವಾಗಲಿಲ್ಲ. ಕೂಸನ್ನು ಎತ್ತಿಕೊಂಡು ಸರಕಾರಿ ದವಾಖಾನೆಗೆ ಓಡಿದೆ. ಅತ್ತೆ ಬೈಯುತ್ತಲೇ ಹಿಂದೆ ಬಂದರು.

ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಸಣ್ಣ ವಯಸ್ಸು. ಬ್ಯಾಟರಿ ಬಿಟ್ಟು ಕೂಸಿನ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. "ಉಚ್ಚೆ ಮಾಡಿದೆಯಾ?" ಎಂದರು. ಬೆಳಗಿನಿಂದ ಮಾಡಿರಲಿಲ್ಲ. "ಮದಗುಣಕಿ ಗಿಡದ್ದು ಏನಾದ್ರೂ ಬಾಯಿಗೆ ಹಾಕ್ಕೊಂಡಿತಾ?" ಮದಗುಣಕಿ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ವಿಷದ ಗಿಡ, ದನ ಕಾಯುವ ಹುಡುಗರು ಆಗೀಗ ಅದರ ಬೀಜ ತಿಂದು ಹುಚ್ಚುಹುಚ್ಚಾಗಿ ದವಾಖಾನೆ ಸೇರುತ್ತಿದ್ದರು. ಕೂತಲ್ಲಿಂದ ಏಳಲಾರದ ಕೂಸು ಹೊಲಕ್ಕೆ ಹೋಗುವುದೆಲ್ಲಿಂದ ಬಂತು? ಇಲ್ಲ ಎಂದೆ.

"ಹಾಗಾದ್ರೆ ಏನು ಔಷಧ ಕೊಟ್ರಿ?"

"ಯಾವ ಔಷಧಾನೂ ಕೊಟ್ಟಿಲ್ರಿ ಸಾಹೇಬ್ರ" ಎಂದರು ಅತ್ತೆ. ನಾನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಇದನ್ನು ಕೇಳಿದವರು ಇಂದಿಗೂ ನಂಬುವುದಿಲ್ಲ, ಮುಚ್ಚಿಟ್ಟಿರಿ ಅನ್ನುತ್ತಾರೆ. ಮುಚ್ಚಿಡಲಿಲ್ಲ. ಔಷಧ ಎಂದರೆ ನಮ್ಮ ಓಣಿಯ ಲೆಕ್ಕದಲ್ಲಿ ಕಹಿ ಇರಬೇಕು, ಇಲ್ಲವೇ ಸೂಜಿ ಇರಬೇಕು. ಸಿಹಿ ಗುಳಿಗೆ ಔಷಧದ ಸಾಲಿಗೇ ಸೇರುತ್ತಿರಲಿಲ್ಲ. ಗುಡಿಗೆ ಹೋಗಿ ಬಂದವಳನ್ನು ಏನು ತಿಂದೆ ಎಂದು ಕೇಳಿದರೆ ಪ್ರಸಾದವನ್ನು ಹೇಳುತ್ತಾಳೆಯೇ, ಹಾಗೆ.

ಡಾಕ್ಟರು ಹಣೆ ತಿಕ್ಕಿಕೊಂಡರು. ಮೆದುಳು ಜ್ವರವಿದ್ದರೂ ಇರಬಹುದು, ಹಾಗಿದ್ದರೆ ಈಗಲೇ ಗುಲ್ಬರ್ಗಕ್ಕೆ ಒಯ್ಯಬೇಕು, ದಾರಿಯಲ್ಲಿ ಫಿಟ್ಸ್ ಬಂದರೆ ಕಷ್ಟ. ವಿಷವಾದರೆ ಇಲ್ಲೇ ಹೊಟ್ಟೆ ತೊಳೆಯಬೇಕು, ಹೊತ್ತು ಕಳೆಯುವಂತಿಲ್ಲ. ಎರಡರಲ್ಲಿ ಯಾವುದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಕೈಯಲ್ಲಿ ಕೂಸು ಇನ್ನಷ್ಟು ಹಗುರಾದಂತೆ ಅನಿಸುತ್ತಿತ್ತು...

ಆಗ ಕಾಕು ಬಂದಳು. ಬರಿಗಾಲು, ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಓಣಿಯ ಹೊರಗೆ ಆಕೆಯನ್ನು ಸೆರಗಿಲ್ಲದ ತಲೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಕಂಕುಳಲ್ಲಿ ಆ ತಗಡಿನ ಡಬ್ಬಿ ಇತ್ತು.

ಅತ್ತೆಗೆ ಹೋದ ಜೀವ ಬಂದಂತಾಯಿತು. "ಬಂದ್ರ್ಯಾ ಕಾಕು? ಕೊಡ್ರಿ, ಒಂದು ಗುಳಿಗಿ ಕೊಡ್ರಿ ಲಗೂನ."

"ಕೊಡಾಕ ಬಂದಿಲ್ಲಬೇ. ತೋರ್ಸಾಕ ಬಂದೇನಿ."

ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಏದುಸಿರು ಬಿಡುತ್ತ ಹೇಳಿದಳು: "ಸಾಹೇಬ್ರ, ನಾನಽ ಕೊಟ್ಟೇನ್ರಿ ಕೂಸಿಗೆ. ಹಲ್ಲಿನ ಗುಳಿಗಿ. ಮಾರಿ ಕೆಂಪಾಗಿ, ಬಾಯಿ ಒಣಗಿ, ಕಣ್ಣು ಅರಳಿದಾಗ ಈ ಔಷಧ ಕೊಡಬೇಕಂತ ನಮ್ಮಪ್ಪ ಕಲಿಸಿದ್ದ. ಈ ಔಷಧ ಮಾಡೂ ಗಿಡ ಹಂಗಽ ತಿಂದವ್ರಿಗೂ ಇದಽ ಆಗತದ, ಅದಕ್ಕಽ ಇದು ಮದ್ದು, ಆದರ ನೀರಾಗ ನೀರಾಗ ತೆಳ್ಳಗ ಮಾಡಿರಬೇಕು ಅಂತಿದ್ದ. ಕೂಸಿನ ಸುದ್ದಿ ಕೇಳಿ ಡಬ್ಬಿಗೆ ಕೈ ಹಾಕಿದ್ದೆ ರೀ, ಇನ್ನೊಂದು ಕೊಡಾಕ. ಕೈ ಹಾಕಿದಾಗ ಅಪ್ಪನ ಮಾತು ನೆನಪಾತು. ಇದನ್ನ ಯಾರು ಎಷ್ಟು ತೆಳ್ಳಗ ಮಾಡ್ಯಾರೋ ನನಗೇನು ಗೊತ್ತದ?"

ಡಾಕ್ಟರು ಏನೋ ಕೇಳುವಷ್ಟರಲ್ಲಿ ಕಾಕು ಅಂಗೈಗೆ ಗುಳಿಗೆ ಸುರುವಿಕೊಂಡು ಒಂದನ್ನು ತನ್ನ ನಾಲಿಗೆಯ ಮೇಲಿಟ್ಟಳು. ಅತ್ತೆ "ಅಯ್ಯ ಶಿವನ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಅವರಿಗೆ ಮುರಿದ ನೇಮ ಕಾಣಿಸುತ್ತಿತ್ತು, ನನಗೆ ಕೂಸು ಕಾಣಿಸುತ್ತಿತ್ತು. ಕಾಕು ಒಂದು ಚೀಪಿದಳು, ಇನ್ನೊಂದು ಚೀಪಿದಳು. "ಇದು ಬರೇ ಸಕ್ಕರಿ. ಇದೂ ಸಕ್ಕರಿ. ಇದು..." ಮುಖ ಕಿವುಚಿ ಅಂಗೈಗೆ ಉಗುಳಿದಳು. "ಇದು ಕಹಿ ಅದರಿ."

ಡಾಕ್ಟರು ಡಬ್ಬಿ ಕಸಿದುಕೊಂಡರು. ಮೂಗಿನಿಂದ ನಳಿಕೆ ಇಳಿಸಿ ಕೂಸಿನ ಹೊಟ್ಟೆ ತೊಳೆದರು, ಸಲೈನ್ ಹಚ್ಚಿದರು, ತಣ್ಣೀರ ಬಟ್ಟೆಯಲ್ಲಿ ಮೈ ಒರೆಸಲು ಹೇಳಿದರು. ಕಾಕು ಒಂದು ಕಡೆ, ನಾನು ಒಂದು ಕಡೆ ಒರೆಸುತ್ತ ಕೂತೆವು. ನನಗೆ ಆಕೆಯ ಮೇಲೆ ಸಿಟ್ಟು ಉಕ್ಕುತ್ತಿತ್ತು, ಸುಳ್ಳೇಕೆ ಹೇಳಲಿ. ಆಕೆಯ ಕೈ ಕೂಸಿಗೆ ತಾಗುವುದೇ ಬೇಡ ಅನಿಸುತ್ತಿತ್ತು. ಆದರೆ ಆ ಕೈ ಬಟ್ಟೆ ಅದ್ದಿ ಒರೆಸುವುದನ್ನು ಬಿಡಲಿಲ್ಲ. ಆಕೆಯ ತುಟಿಯೂ ಒಣಗಿತ್ತು. ಅತ್ತೆ ನೀರು ಕುಡಿಯಿರಿ ಎಂದರೆ, "ಕೂಸಿನ ಬಾಯಿ ಮೊದಲ ಹಸಿ ಆಗ್ಲಿ" ಎಂದಳು.

ಹೊತ್ತು ಇಳಿಯುವ ಹೊತ್ತಿಗೆ ಕೂಸು ಚೀರಿತು. ಗಟ್ಟಿಯಾಗಿ, ರೊಚ್ಚಿಗೆದ್ದು. ಅದರ ಹಿಂದೆಯೇ ನನ್ನ ತೊಡೆ ಬೆಚ್ಚಗಾಯಿತು, ಬೆಚ್ಚಗಾಗಿ ಹರಿದು ಕೆಳಗೆ ತೊಟ್ಟಿಕ್ಕಿತು. "ಉಚ್ಚಿ ಹೊಯ್ತು! ಕೂಸು ಉಚ್ಚಿ ಹೊಯ್ತರೀ!" ಎಂದು ಅತ್ತೆ ಇಡೀ ದವಾಖಾನೆಗೆ ಕೇಳುವಂತೆ ಕೂಗಿದರು. ಮನೆಯಲ್ಲಿ ಗಂಡು ಹುಟ್ಟಿದರೂ ಅವರು ಅಷ್ಟು ಸಂಭ್ರಮಪಟ್ಟಿರಲಿಕ್ಕಿಲ್ಲ. ಡಾಕ್ಟರು ನಕ್ಕರು. ಕಾಕು ಗೋಡೆಗೆ ಆತು ಕೂತು, ಅವತ್ತು ಮೊದಲ ಸಲ ಅತ್ತಳು.

ಡಾಕ್ಟರು ಆಕೆಯನ್ನು ಗದರಿಸಲಿಲ್ಲ. "ನಿಮ್ಮ ಅಪ್ಪ ಹೇಳ್ತಿದ್ದಷ್ಟು ತೆಳುವಾಗಿದ್ದಿದ್ರೆ ಅದರಲ್ಲಿ ಸಕ್ಕರೆ ಬಿಟ್ಟು ಏನೂ ಇರ್ತಿರಲಿಲ್ಲ ಅಜ್ಜಿ. ಇದನ್ನ ಮಾಡಿದವನು ಸರಿಯಾಗಿ ಕಲಸಿಲ್ಲ. ಒಂದರಲ್ಲಿ ಏನೂ ಇಲ್ಲ, ಒಂದರಲ್ಲಿ ಕೂಸು ತಡೆಯಲಾರದಷ್ಟು ವಿಷ" ಎಂದರು. ಕಾಕು ಆ ಮಾತನ್ನು ತಲೆಬಾಗಿ ಕೇಳಿದಳು. ತನ್ನ ಅಪ್ಪನ ಔಷಧದಲ್ಲಿ ಏನೂ ಇರಲಿಲ್ಲ ಅಂದದ್ದು ಆಕೆಗೆ ಎಷ್ಟು ತಾಗಿತೋ... ಕೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಏಜೆಂಟ್ ಮತ್ತೆ ಬಂದಾಗ ನಾನು ನಮ್ಮ ಬಾಗಿಲಲ್ಲೇ ಇದ್ದೆ. ಕಾಕು ಅವನಿಗೆ ಕೂರಲು ಮಣೆ ಕೊಟ್ಟು, ನೀರು ಕೊಟ್ಟು, ಆಮೇಲೆ ಕೇಳಿದಳು.

"ಇದನ್ನ ಮಾಡಾವ ಯಾರು? ಅಂವನ ಊರ ಯಾವುದು?"

"ನಂಗ್ಯಾಕ ಬೇಕ್ರಿ ಕಾಕು ಅದು? ನಾ ಹಂಚಾವ, ಮಾಡಾವ ಅಲ್ಲ."

"ನಾನೂ ಹಂಚಾಕಿನಽ. ಹಂಚಾವ್ರು ಇಬ್ರೂ ಇಲ್ಲೇ ಕುಂತೇವಿ. ಮಾಡಾವ ಎಲ್ಲಿ ಕುಂತಾನ?"

ಅವನು ನಗಲು ನೋಡಿದ. "ಸಿಹಿ ಗುಳಿಗಿ ರೀ, ಇದರಿಂದ ಏನಾಗತದ?"

"ಬೆಳ್ಳಗಿರೋದೆಲ್ಲಾ ಹಾಲಲ್ಲಪಾ. ನಡಿ ಇನ್ನ" ಎಂದಳು. ಅವನ ಚೀಲ ಆ ಓಣಿಗೆ ಮತ್ತೆ ಬರಲಿಲ್ಲ, ಬೇರೆ ಯಾವ ಓಣಿಗೆ ಹೋಯಿತೋ.

ದವಾಖಾನೆಯಲ್ಲಿ ಉಳಿದ ಡಬ್ಬಿ ಬಿಟ್ಟು, ಮನೆಯಲ್ಲಿದ್ದ ಶೀಶೆಗಳನ್ನೆಲ್ಲ ಕಾಕು ಹಿತ್ತಲಿಗೆ ಒಯ್ದಳು. ತಗ್ಗು ತೋಡಿ ಸುರುವಿದಳು. ಸಕ್ಕರೆಯ ವಾಸನೆಗೆ ಇರುವೆ ಮುತ್ತಿದವು. ಅದನ್ನು ಕಂಡು ಓಡಿಹೋಗಿ ಒಲೆಯ ಬೂದಿ ತಂದು ಮೇಲೆ ಸುರಿದಳು. "ಅವುಕ್ಕೂ ಕೊಡಬಾರದು" ಎಂದಳು. ನನ್ನ ಸಿಟ್ಟು ಇಳಿದದ್ದು ಆವಾಗ. ಅಪ್ಪನ ಖಾಲಿ ಪೆಟ್ಟಿಗೆಯನ್ನು ಮಾತ್ರ ತೊಳೆದು ಒಣಗಿಸಿ ಒಳಗಿಟ್ಟುಕೊಂಡಳು.

ಊರು ಆಕೆಯನ್ನು ಬೈಯಲಿಲ್ಲ ಅಂದುಕೊಂಡಿರಾ? ಬೈಯಿತು. ಆದರೆ ಗುಳಿಗೆ ಕೊಟ್ಟದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ! "ಒಂದು ಕೂಸಿಗೆ ಆತಂತ ಊರಿಗೇ ಬಂದ್ ಮಾಡೂದೇನು?", "ಕಾಕುಗ ಸೊಕ್ಕು ಬಂದದ." ನಮ್ಮ ಅತ್ತೆಯ ಕಥೆ ಕೇಳಿ. ಸ್ವಂತ ಮೊಮ್ಮಗಳು ಸಾವಿನ ಬಾಯಿಂದ ಬಂದು ತಿಂಗಳಾಗಿರಲಿಲ್ಲ, ಮೊಣಕಾಲು ನೋವೆಂದು ಎದುರುಮನೆಗೆ ಹೋಗಿ ಗುಳಿಗೆ ಕೇಳಿದರು. ಕಾಕು ಇಲ್ಲವೆಂದಾಗ ಮುನಿಸಿಕೊಂಡು ಬಂದರು.

ಹೆಂಗಸರು ಕಟ್ಟೆಗೆ ಬರುವುದನ್ನೇನೂ ಬಿಡಲಿಲ್ಲ. ಕಾಕು ಮೊದಲಿನಂತೆಯೇ ಕೂತು ಕೇಳುವಳು. ಜ್ವರ ಕಂಡರೆ, ಕೂಸು ಹಾಲು ಬಿಟ್ಟಿದ್ದರೆ, ತಾನೇ ಎದ್ದು ಅವರನ್ನು ದವಾಖಾನೆಗೆ ಕರೆದೊಯ್ದು, ಗಂಡಸು ಡಾಕ್ಟರಿಗೆ ಅವರು ಹೇಳಲಾರದ್ದನ್ನು ತಾನು ಹೇಳುವಳು. ಬರಿಯ ಮನಸ್ಸಿನ ಭಾರಕ್ಕೆ ಬಂದವರು ಏನಾದರೂ ಕೊಡು ಎಂದು ಹಟ ಹಿಡಿದರೆ ಒಳಗಿನಿಂದ ಚಿಟಿಕೆ ಸಕ್ಕರೆ ತರುವಳು. ಮೊದಲು ತನ್ನ ನಾಲಿಗೆಗೆ ಹಾಕಿಕೊಂಡು, ಆಮೇಲೆ ಅವರ ಅಂಗೈಗೆ. "ಇದು ಸಕ್ಕರಿ ಬೇ, ನಮ್ಮ ಮನೀದು. ನಾ ತಿಂದು ನೋಡೇನಿ." ಅದನ್ನು ತಿಂದು ಗುಣವಾಯಿತೆಂದು ಹೇಳುವವರೂ ಇದ್ದರು. ಕಾಕು ಅದಕ್ಕೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ.

ಆಮೇಲೆ ನನ್ನ ಯಜಮಾನರಿಗೆ ಆಳಂದಕ್ಕೆ ವರ್ಗವಾಯಿತು. ನಾವು ಹೊರಟ ದಿನ ಕಾಕು ನನ್ನ ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ ಹಲ್ಲು ನೋಡಿದಳು. ಸಾಲಾಗಿ ಬಂದಿದ್ದವು. "ಚಲೋ ಬಂದಾವ" ಎಂದಳು, ಅಷ್ಟೇ. ತೊಂಬತ್ತರ ದಶಕದಲ್ಲಿ ಒಂದು ದಿನ, ಜೇವರ್ಗಿಯಿಂದ ಬಂದ ಯಾರೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಕಾಕು ಹೋಗಿ ವರ್ಷವಾಯಿತೆಂದು ಮಾತಿನ ನಡುವೆ ಹೇಳಿದರು. ಅಲ್ಲೇ ಬೆಂಚಿನ ಮೇಲೆ ಕೂತೆ. ಮಣ್ಣು ಕೊಡಲಿಕ್ಕೂ ಹೋಗಲಾಗಲಿಲ್ಲ...

ಕರಕಾದ ರೊಟ್ಟಿ ತೆಗೆದಿಟ್ಟು ನಾನು ಪಡಸಾಲೆಗೆ ಬಂದೆ. ಆ ಹಲ್ಲುಗಳ ಒಡತಿ, ನನ್ನ ಮಗಳು, ತಡವಾಗಿ ಹುಟ್ಟಿದ ತನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿನ ಜೊಲ್ಲು ಸುರಿಯುತ್ತಿತ್ತು. ಮೊಬೈಲಿನಲ್ಲಿ ಹೇಳಿ ತರಿಸಿದ ಡಬ್ಬಿ, ಮೇಲೆ ನಗುವ ಕೂಸಿನ ಚಿತ್ರ, ಹಸಿರು ಎಲೆ, ಅಡ್ಡ ಪರಿಣಾಮವಿಲ್ಲ ಎಂಬ ದಪ್ಪ ಅಕ್ಷರ.

"ಇದನ್ನ ಮಾಡಾವ ಯಾರವ್ವಾ?" ಎಂದೆ.

"ಅದೆಲ್ಲಾ ಯಾರಿಗೆ ಗೊತ್ತಿರತದ? ಸಿಹಿ ಗುಳಿಗಿ ಅವ್ವಾ, ಏನೂ ಆಗಂಗಿಲ್ಲ."

ತನ್ನ ಹೊಟ್ಟೆ ತೊಳೆದ ಕಥೆ ಅವಳು ಎಷ್ಟೋ ಸಲ ಕೇಳಿದ್ದಾಳೆ. ಕೇಳಿದ್ದು ಬರಿಯ ಕಥೆಯಾಗಿಯೇ ಉಳಿಯುತ್ತದೆ. ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಸುತ್ತ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ಒಂದು ಫೋನ್ ನಂಬರ್ ಇತ್ತು. ಮಗಳ ಕೈಯಿಂದಲೇ ಹಚ್ಚಿಸಿದೆ. ಒಂದು ಹೆಣ್ಣುದನಿ ನಮ್ಮ ಕರೆ ಅವರಿಗೆ ಬಹಳ ಮುಖ್ಯ ಎಂದಿತು, ಕಾಯಿರಿ ಎಂದಿತು, ಹಾಡು ಹಾಕಿತು. ಹಾಡು ಮುಗಿದು ಮತ್ತೆ ಶುರುವಾಯಿತು. ಮಗಳ ಮುಖದ ನಗು ಮೆಲ್ಲಗೆ ಇಳಿಯಿತು. ಅವಳೇ ಫೋನ್ ಕೆಳಗಿಟ್ಟು ಡಬ್ಬಿಯ ಮುಚ್ಚಳ ಬಿಗಿಮಾಡಿದಳು.

ನಾನು ತಣ್ಣೀರಲ್ಲಿ ಅದ್ದಿದ ಬಟ್ಟೆಯ ತುದಿ ತಂದು ಮೊಮ್ಮಗುವಿನ ಬಾಯಿಗೆ ಕೊಟ್ಟೆ. ಚೀಪತೊಡಗಿತು. ನನ್ನ ಕಣ್ಣು ಮಾತ್ರ ಬಾಗಿಲ ಕಡೆಗೇ ಹೋಗುತ್ತಿತ್ತು. ಇನ್ನು ಯಾರ ಕೂಸಿಗೆ ಏನಾದರೂ, ನಾನೇ ಕೊಟ್ಟೇನ್ರಿ ಎಂದು ಬರಿಗಾಲಲ್ಲಿ ಓಡಿಬರುವವರು ಯಾರೂ ಇಲ್ಲ.